ಚಿತ್ರದಲ್ಲಿಲ್ಲದ ಅಜ್ಜಿ

ಬೇಸಿಗೆಯ ರಜೆಗೆಂದು ಮನೆಯಲ್ಲಿ ಬಂದು ಸೇರಿದ್ದ ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ನಾವೂ ಒಂದು ಇಂಗ್ಲಿಷ್ ಚಲನಚಿತ್ರವನ್ನು ನೋಡಬೇಕಾಯಿತು. 2017ರ ಡಿಸೆಂಬರಿನಲ್ಲಿ ತೆರೆಕಂಡ ‘ದಿ ಗ್ರೇಟೆಸ್ಟ್ ಷೋಮನ್’ ಎಂಬುದು ಅದರ ಹೆಸರು. ಮಕ್ಕಳು ಅದನ್ನು ಅದಾಗಲೇ ಹಲವು ಬಾರಿ ನೋಡಿದವರು. ಹಾಡುಗಳೆಲ್ಲವೂ ಅವರಿಗೆ ಬಾಯಿಪಾಠ. ಎರಡು ಗಂಟೆಗೂ ಕಡಿಮೆಯಾದ ಆ ಚಿತ್ರ ಮುಗಿದೊಡನೆ ಹಿರಿಯ ಮೊಮ್ಮಗಳು ನಮ್ಮತ್ತ ತಿರುಗಿ, “ಅಜ್ಜಾ, ಈ ಮನಶ್ಯಾ ಖರೇನ ಇದ್ದನೇನು?” ಎಂದು ಕೇಳಿದಳು. ಇದ್ದನೆಂದು ಹೇಳಿದೆವು. “ಹಿಂಗೇ ಇದ್ದನೇನು?” ಎಂದು ಮತ್ತೆ ಕೇಳಿದಳು. ಮೊದಲನೆಯ ಪ್ರಶ್ನೆಗೆ ಒಂದು ಮಾತು ಸಾಕಾಯಿತು. ಎರಡನೆಯದಕ್ಕೆ ಉತ್ತರ ಹೇಳಲು ನಾವು ನಾಲ್ಕಾರು ದಿನ ಪುಸ್ತಕಗಳ ಮುಂದೆ ಕುಳಿತುಕೊಳ್ಳಬೇಕಾಯಿತು. ಅಲ್ಲಿ ಕಂಡುದನ್ನು ಓದುಗ ಬಂಧುಗಳ ಮುಂದೆಯೂ ಇಡುತ್ತಿದ್ದೇವೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಬಡ ದರ್ಜಿಯ ಮಗ ಬಾರ್ನಮ್, ಸಿರಿವಂತರ ಮಗಳು ಚಾರಿಟಿಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಗುಮಾಸ್ತಗಿರಿ ಕೈತಪ್ಪಿದಾಗ, ಮುಳುಗಿಹೋದ ಹಡಗುಗಳ ಕಾಗದಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದು ನ್ಯೂಯಾರ್ಕಿನಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ಕೊಳ್ಳುತ್ತಾನೆ. ಮೇಣದ ಬೊಂಬೆಗಳನ್ನು ನೋಡಲು ಯಾರೂ ಬಾರದಿರಲು, ಸಮಾಜವು ಬಾಗಿಲ ಹಿಂದೆ ಬಚ್ಚಿಟ್ಟಿದ್ದ ಗಡ್ಡದ ಹೆಣ್ಣುಮಗಳು, ಅತಿ ಕುಳ್ಳ ತರುಣ, ದೈತ್ಯದೇಹಿ ಮೊದಲಾದವರನ್ನು ಹುಡುಕಿ ತಂದು ರಂಗದ ಮೇಲೆ ನಿಲ್ಲಿಸುತ್ತಾನೆ. ಹಣ ಬರುತ್ತದೆ, ಹಣದ ಹಿಂದೆ ಅಹಂಕಾರವೂ ಬರುತ್ತದೆ. ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡಳ ಕೀರ್ತಿಯ ಬೆನ್ನುಹತ್ತಿ ತನ್ನವರನ್ನು ಮರೆಯುತ್ತಾನೆ. ದೊಡ್ಡವರ ಕೂಟದ ಬಾಗಿಲನ್ನು ಅವರ ಮುಖಕ್ಕೇ ಮುಚ್ಚುತ್ತಾನೆ. ಕೊನೆಗೆ ಎಲ್ಲವೂ ಸುಟ್ಟುಹೋದಾಗ ಅದೇ ಜನ ಅವನನ್ನು ಎತ್ತಿ ನಿಲ್ಲಿಸುತ್ತಾರೆ, ಡೇರೆಯೊಂದು ಮೇಲೇಳುತ್ತದೆ, ನಾಯಕ ಆನೆಯನ್ನೇರಿ ಮಗಳ ನೃತ್ಯ ನೋಡಲು ಹೋಗುತ್ತಾನೆ.

ಚಿತ್ರ ಸೊಗಸಾಗಿಲ್ಲವೆಂದು ನಾವು ಹೇಳಲಾರೆವು. ಬಾರ್ನಮ್ ಪಾತ್ರದಲ್ಲಿ ಹ್ಯೂ ಜಾಕ್‌ಮನ್ ಹಾಡಿ ಕುಣಿದ ಉತ್ಸಾಹಕ್ಕೆ ಸೋಲದವರು ಅಪರೂಪ. ನಿರ್ದೇಶಕ ಮೈಕೇಲ್ ಗ್ರೇಸಿಗೆ ಇದು ಮೊದಲ ಚಿತ್ರವೆಂದರೆ ನಂಬುವುದು ಕಷ್ಟ. ಅದರಲ್ಲಿಯೂ ಬಾಗಿಲು ಮುಚ್ಚಿಸಿಕೊಂಡ ಆ ತಂಡದವರು, ಗಡ್ಡದ ಹೆಣ್ಣುಮಗಳನ್ನು ಮುಂದಿಟ್ಟುಕೊಂಡು, ನಾವು ಇರುವುದೇ ಹೀಗೆ, ನಾಚಿಕೆಪಡಲಾರೆವು ಎಂಬರ್ಥದ ಹಾಡನ್ನು ಹಾಡುತ್ತ ಬೀದಿಗಿಳಿಯುವ ದೃಶ್ಯದಲ್ಲಿ ನಮ್ಮ ಕಣ್ಣೂ ತೇವವಾದುದನ್ನು ಮುಚ್ಚಿಡುವುದಿಲ್ಲ. ಆ ಹಾಡಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದಿತು. 8 ಕೋಟಿ 40 ಲಕ್ಷ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 43 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ದೇಹವನ್ನು ಶಿವನ ಆಲಯವೆಂದು ಬಗೆದ ಶರಣರ ಹಾದಿಯಲ್ಲಿ ಬೆಳೆದ ನಮಗೆ, ಯಾವ ದೇಹವೂ ನಗೆಗೀಡಲ್ಲವೆಂಬ ಆ ಹಾಡಿನ ಭಾವ ಪರಕೀಯವೆನಿಸಲಿಲ್ಲ. ತೊಡಕಿರುವುದು ಆ ಹಾಡನ್ನು ಯಾರ ಜೀವನಚರಿತ್ರೆಯೊಳಗೆ ಇಟ್ಟಿದ್ದಾರೆ ಎಂಬಲ್ಲಿ.

ಫಿನಿಯಸ್ ಟೇಲರ್ ಬಾರ್ನಮ್ ಹುಟ್ಟಿದ್ದು 1810ರ ಜುಲೈ 5ರಂದು, ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಬೆಥೆಲ್ ಎಂಬ ಊರಿನಲ್ಲಿ. ಅವನ ಬಾಲ್ಯದ ಒಂದು ಪ್ರಸಂಗವನ್ನು ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಚಿತ್ರದ ಹಡಗಿನ ಕಾಗದಗಳಿಗಿಂತ ಇದು ಎಷ್ಟೋ ಸ್ವಾರಸ್ಯಕರವಾದುದು. ಮಗುವಿಗೆ ತನ್ನ ಹೆಸರನ್ನೇ ಇಟ್ಟ ಸಂತೋಷಕ್ಕೆ ತಾಯಿಯ ತಂದೆ ‘ಐವಿ ದ್ವೀಪ’ ಎಂಬ ಜಮೀನನ್ನು ಅವನ ಹೆಸರಿಗೆ ಬರೆದುಕೊಟ್ಟಿದ್ದ. ಊರಿನಲ್ಲೇ ಇವನಷ್ಟು ಆಸ್ತಿವಂತ ಹುಡುಗನಿಲ್ಲವೆಂದು ಅಜ್ಜ ಹೇಳುತ್ತಿದ್ದ, ಮನೆಯವರು ಹೇಳುತ್ತಿದ್ದರು, ನೆರೆಹೊರೆಯವರೂ ಗಂಭೀರ ಮುಖಮಾಡಿ ಹೇಳುತ್ತಿದ್ದರು. ಹತ್ತು ಹನ್ನೆರಡು ವರ್ಷದವನಾದಾಗ ಹುಡುಗ ಹಟಹಿಡಿದು ತನ್ನ ಸಂಪತ್ತನ್ನು ನೋಡಲು ಹೋದ. ಕೆಸರಿನಲ್ಲಿ ಹೂತು, ಕಣಜಗಳಿಂದ ಕಚ್ಚಿಸಿಕೊಂಡು ತಲುಪಿದಾಗ ಕಂಡದ್ದು ಜೌಗುನೆಲ, ಒಂದಿಷ್ಟು ಕುರುಚಲು ಗಿಡ, ಎದುರಿಗೆ ಹರಿದುಬಂದ ಒಂದು ಕರಿಯ ಹಾವು. ಇಡೀ ಊರು ವರ್ಷಗಟ್ಟಲೆ ಕೂಡಿ ಒಂದು ಮಗುವಿಗೆ ಆಡಿದ ಹಾಸ್ಯವದು. ಮುಂದೆ 1841ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯವನ್ನು ಕೊಳ್ಳುವಾಗ ಭದ್ರತೆಗೆ ಏನು ಕೊಡುವೆಯೆಂದು ಕೇಳಿದವರಿಗೆ ಬಾರ್ನಮ್ ತೋರಿಸಿದ ಆಸ್ತಿಗಳಲ್ಲಿ ಈ ಜೌಗುನೆಲವೂ ಸೇರಿತ್ತು! ಜನ ನಂಬಲು ಸಿದ್ಧರಿದ್ದರೆ ಕೆಸರೂ ಚಿನ್ನವೆಂಬ ಪಾಠವನ್ನು ಅವನು ಅಜ್ಜನಿಂದ ಕಲಿತಿದ್ದ.

ಆದರೆ ಆ ಪಾಠವನ್ನು ಅವನು ಮೊತ್ತಮೊದಲು ಪ್ರಯೋಗಿಸಿದ್ದು ಸಂಗ್ರಹಾಲಯದಲ್ಲಲ್ಲ. ಅದಕ್ಕೆ ಆರು ವರ್ಷ ಹಿಂದೆ, 1835ರಲ್ಲಿ, ಒಬ್ಬ ಮುದುಕಿಯ ಮೇಲೆ.

ಅವಳ ಹೆಸರು ಜಾಯ್ಸ್ ಹೆತ್. ಕಪ್ಪು ವರ್ಣದ ಗುಲಾಮ ಹೆಣ್ಣುಮಗಳು. ಕಣ್ಣಿಲ್ಲ, ಹಲ್ಲಿಲ್ಲ, ಒಂದು ತೋಳಿನ ಹೊರತು ಮೈಯಲ್ಲಿ ಚಲನೆಯೇ ಇಲ್ಲ. ಅವಳನ್ನು ಫಿಲಡೆಲ್ಫಿಯಾದಲ್ಲಿ ಒಬ್ಬನು ಪ್ರದರ್ಶನಕ್ಕಿಟ್ಟಿದ್ದ. ಇವಳಿಗೆ 161 ವರ್ಷ, ಅಮೆರಿಕದ ರಾಷ್ಟ್ರಪಿತ ಜಾರ್ಜ್ ವಾಷಿಂಗ್ಟನ್ನರನ್ನು ತೊಡೆಯ ಮೇಲೆ ಆಡಿಸಿದ ದಾದಿ ಇವಳೇ ಎಂಬುದು ಅವನ ಪ್ರಚಾರ. ಇಪ್ಪತ್ತೈದು ವರ್ಷದ ಬಾರ್ನಮ್ ಸಾಲ ಮಾಡಿ 1,000 ಡಾಲರಿಗೆ ಅವಳನ್ನು ಪ್ರದರ್ಶಿಸುವ ಹಕ್ಕನ್ನು ಪಡೆದ. ನ್ಯೂಯಾರ್ಕಿನಲ್ಲಿ ಗುಲಾಮಗಿರಿ 1827ರಲ್ಲಿಯೇ ರದ್ದಾಗಿತ್ತು; ಆದರೂ ಕಾಗದದ ಒಂದು ಒಪ್ಪಂದ ಸಾಕಾಯಿತು. ನ್ಯೂಯಾರ್ಕ್, ಬಾಸ್ಟನ್ ಮೊದಲಾದ ಪಟ್ಟಣಗಳಲ್ಲಿ ಆ ಅಜ್ಜಿ ಮಲಗಿದಲ್ಲಿಂದಲೇ ವಾಷಿಂಗ್ಟನ್ನರ ಬಾಲ್ಯದ ಕಥೆಗಳನ್ನು ಹೇಳಬೇಕಿತ್ತು, ಕ್ರೈಸ್ತ ಭಜನೆಗಳನ್ನು ಹಾಡಬೇಕಿತ್ತು. ಬಂದವರು ಅವಳ ಕೈ ಮುಟ್ಟಿ ನೋಡುತ್ತಿದ್ದರು. ಜನಸಂದಣಿ ಕಡಿಮೆಯಾದಾಗ, ಇವಳು ಮನುಷ್ಯಳೇ ಅಲ್ಲ, ರಬ್ಬರು ಸ್ಪ್ರಿಂಗುಗಳಿಂದ ಮಾಡಿದ ಯಂತ್ರದ ಬೊಂಬೆ ಎಂದು ಪತ್ರಿಕೆಯಲ್ಲಿ ಹೆಸರಿಲ್ಲದ ಪತ್ರವೊಂದು ಪ್ರಕಟವಾಯಿತು. ಬರೆಸಿದವನು ಬಾರ್ನಮ್‌ನೇ. ಒಮ್ಮೆ ನೋಡಿದವರು, ಹೌದೋ ಅಲ್ಲವೋ ಎಂದು ತಿಳಿಯಲು ಮತ್ತೊಮ್ಮೆ ಹಣ ಕೊಟ್ಟು ಬಂದರು.

1836ರ ಫೆಬ್ರವರಿಯಲ್ಲಿ ಜಾಯ್ಸ್ ಹೆತ್ ತೀರಿಕೊಂಡಳು. ಪ್ರದರ್ಶನ ಅಲ್ಲಿಗೂ ನಿಲ್ಲಲಿಲ್ಲ. ನ್ಯೂಯಾರ್ಕಿನ ಒಂದು ಸಭಾಂಗಣದಲ್ಲಿ ಅವಳ ಶವಪರೀಕ್ಷೆಯನ್ನು ಸಾರ್ವಜನಿಕವಾಗಿ ನಡೆಸಲಾಯಿತು. ಪ್ರವೇಶಧನ 50 ಸೆಂಟ್. ಬಂದವರು ಸುಮಾರು 1,500 ಜನ. ಇವಳಿಗೆ ಎಂಬತ್ತಕ್ಕಿಂತ ಹೆಚ್ಚು ವಯಸ್ಸಾಗಿರಲಾರದೆಂದು ಶಸ್ತ್ರವೈದ್ಯರು ಹೇಳಿದರು. ಆಮೇಲೆ ಸತ್ತದ್ದು ಅವಳಲ್ಲ, ಬೇರೊಬ್ಬಳು ಎಂಬ ಸುದ್ದಿಯೂ ಹುಟ್ಟಿತು. ಅದೂ ಅದೇ ತಂಡದ ಕೈವಾಡ.

ನಾವು ಈ ಪುಟಗಳನ್ನು ಓದಿ ಪುಸ್ತಕ ಮುಚ್ಚಿದ್ದೆವು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದವರು ಈ ನಾಲ್ಕು ಸಾಲುಗಳನ್ನು ಸುಲಭವಾಗಿ ದಾಟಿ ಮುಂದೆ ಹೋಗಲಾರರು. ಬಸವಣ್ಣನವರ ಮಹಾಮನೆಯಿಂದ ಗಂಡ ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಂದಿಗೂ ಹೇಳುತ್ತೇವೆ. ಯಾವ ಹಣ ಕಾಯಕದ್ದು, ಯಾವುದು ಅಲ್ಲ ಎಂದು ವಿಂಗಡಿಸಲು ಕಲಿತ ಮನಸ್ಸಿಗೆ ಆ 50 ಸೆಂಟುಗಳ ಲೆಕ್ಕವನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

ಚಿತ್ರದಲ್ಲಿ ಜಾಯ್ಸ್ ಹೆತ್ ಇಲ್ಲ. ಒಂದು ದೃಶ್ಯದಲ್ಲಿಯೂ ಇಲ್ಲ, ಒಂದು ಮಾತಿನಲ್ಲಿಯೂ ಇಲ್ಲ. ಬಾರ್ನಮ್ ಬಾಳಿನ ಮೊದಲ ಪ್ರದರ್ಶನವೇ ಅವನ ಜೀವನಚಿತ್ರದಲ್ಲಿಲ್ಲ! ಸ್ವತಃ ಬಾರ್ನಮ್ ಹೀಗೆ ಅಡಗಿಸಿದವನಲ್ಲ ಎಂಬುದನ್ನು ಗಮನಿಸಬೇಕು. 1855ರ ಆತ್ಮಕಥೆಯಲ್ಲಿ ಅವನು ಅವಳ ಕಥೆಯನ್ನು ಪುಟಗಟ್ಟಲೆ ಬರೆದ. ವಯಸ್ಸಿನ ವಿಷಯದಲ್ಲಿ ತಾನೂ ಮೋಸಹೋದೆನೆಂದು ಹೇಳಿಕೊಂಡ. ಮುಂದಿನ ಆವೃತ್ತಿಯ ವೇಳೆಗೆ, ತನ್ನ ಪ್ರದರ್ಶನಗಳಲ್ಲೆಲ್ಲ ಮೆಚ್ಚುಗೆಗೆ ತೀರ ಅನರ್ಹವಾದುದು ಅದೇ ಎಂದು ಒಪ್ಪಿಕೊಳ್ಳುವಷ್ಟಾದರೂ ಮಾಗಿದ್ದ. ಆದರೆ 2017ರಲ್ಲಿ ಚಿತ್ರ ಮಾಡಿದವರಿಗೆ ಆ ಒಪ್ಪಿಗೆಯೂ ಬೇಡವಾಯಿತು.

ಸಂಗ್ರಹಾಲಯದ ವರ್ಷಗಳ ವಿನೋದಗಳಿಗೆ ಲೆಕ್ಕವಿಲ್ಲ. 1842ರಲ್ಲಿ ಮಂಗನ ಮುಂಡಕ್ಕೆ ಮೀನಿನ ಬಾಲ ಹೊಲಿದ ಒಣಗಿದ ಬೊಂಬೆಯನ್ನು ಫೀಜಿ ದ್ವೀಪದ ಮತ್ಸ್ಯಕನ್ಯೆಯೆಂದು ತೋರಿಸಿದ. 25 ಸೆಂಟ್ ಕೊಟ್ಟು ಒಳಹೊಕ್ಕ ಜನ ಹೊರಗೆ ಹೋಗದೆ ಅಲ್ಲಿಯೇ ಬುತ್ತಿ ಬಿಚ್ಚಿ ಕುಳಿತಾಗ, ನಿರ್ಗಮನದ್ವಾರದ ಮೇಲೆ ‘ಈಗ್ರೆಸ್’ ಎಂಬ ಕಠಿಣ ಇಂಗ್ಲಿಷ್ ಪದವನ್ನು ಬರೆಸಿ ತೂಗುಹಾಕಿದ; ಇದಾವುದೋ ಹೊಸ ಪ್ರಾಣಿಯಿರಬೇಕೆಂದು ಆತುರದಿಂದ ಬಾಗಿಲು ದಾಟಿದವರು ಬೀದಿಯಲ್ಲಿದ್ದರು. ಇಂಥವುಗಳಿಗೆ ನಾವೂ ಮನಸಾರೆ ನಕ್ಕೆವು. ಮತ್ಸ್ಯಕನ್ಯೆಗೆ ನೋವಾಗುವುದಿಲ್ಲವಷ್ಟೆ.

ಕುಳ್ಳ ತರುಣನ ಪಾತ್ರಕ್ಕೆ ಮೂಲನಾದ ಚಾರ್ಲ್ಸ್ ಸ್ಟ್ರಾಟನ್ ಬಾರ್ನಮ್ ಕೈಗೆ ಸಿಕ್ಕಾಗ ತರುಣನಲ್ಲ. ಇನ್ನೂ ಐದು ವರ್ಷ ತುಂಬದ ಕೂಸು. ಎತ್ತರ 25 ಅಂಗುಲ. ವಾರಕ್ಕೆ 3 ಡಾಲರ್ ಸಂಬಳದ ಮೇಲೆ ತಂದೆತಾಯಿಗಳೊಡನೆ ಮಗುವನ್ನು ಕರೆತಂದು, ಇವನಿಗೆ ಹನ್ನೊಂದು ವರ್ಷ, ಇಂಗ್ಲೆಂಡಿನಿಂದ ಬಂದವನು ಎಂದು ಜಾಹೀರಾತು ಬರೆದು, ‘ಜನರಲ್ ಟಾಮ್ ಥಂಬ್’ ಎಂಬ ಹೆಸರನ್ನಿಟ್ಟ. ಹಾಡು, ಕುಣಿತ, ನೆಪೋಲಿಯನ್ನನ ಅಣಕು ಎಲ್ಲವನ್ನೂ ಕಲಿಸಿದ. 1844ರಲ್ಲಿ ಆ ಬಾಲಕ ವಿಕ್ಟೋರಿಯಾ ರಾಣಿಯ ಮುಂದೆ ಆಡಿ ಅವಳನ್ನು ನಗಿಸಿದ. ಇದಿಷ್ಟನ್ನೇ ನೋಡಿದರೆ ಇದೂ ಮತ್ತೊಂದು ಶೋಷಣೆಯ ಕಥೆಯೆಂದು ಬದಿಗಿಡಬಹುದಿತ್ತು. ಆದರೆ ಆ ಮಗು ಬೆಳೆಯಿತು. ಪ್ರವಾಸದ ಲಾಭದಲ್ಲಿ ಸಮಪಾಲು ಪಡೆಯುವಂತಾಯಿತು. 1863ರಲ್ಲಿ ತನ್ನಂತೆಯೇ ಗಿಡ್ಡಳಾದ ಲವಿನಿಯಾ ವಾರೆನ್ ಎಂಬವಳನ್ನು ನ್ಯೂಯಾರ್ಕಿನ ಗ್ರೇಸ್ ಚರ್ಚಿನಲ್ಲಿ ಮದುವೆಯಾದಾಗ ಅಧ್ಯಕ್ಷ ಲಿಂಕನ್ನರು ದಂಪತಿಗಳನ್ನು ತಮ್ಮ ನಿವಾಸಕ್ಕೆ ಬರಮಾಡಿಕೊಂಡರು. ಅದಕ್ಕೂ ಮೊದಲು, 1856ರ ಸುಮಾರಿಗೆ, ಗಡಿಯಾರದ ಕಂಪನಿಯೊಂದಕ್ಕೆ ಜಾಮೀನು ನಿಂತು ಬಾರ್ನಮ್ ದಿವಾಳಿಯೆದ್ದಾಗ, ಸಹಾಯಕ್ಕೆ ತಾನಾಗಿಯೇ ಮುಂದೆ ಬಂದವರಲ್ಲಿ ಹದಿನೆಂಟರ ಹರೆಯದ ಸ್ಟ್ರಾಟನ್ ಒಬ್ಬ. ಅವನೊಡನೆ ಮತ್ತೆ ಯೂರೋಪಿಗೆ ಹೋಗಿ ಪ್ರದರ್ಶನ ಕೊಟ್ಟು ಬಾರ್ನಮ್ ಸಾಲ ತೀರಿಸಿಕೊಂಡ. ಬಿದ್ದವನನ್ನು ತಂಡದವರು ಎತ್ತಿದರೆಂಬ ಚಿತ್ರದ ಮಾತಿಗೆ ಇಲ್ಲೊಂದು ನಿಜವಾದ ಬೇರಿದೆ.

ಜೆನ್ನಿ ಲಿಂಡಳ ವಿಷಯದಲ್ಲಿ ಚಿತ್ರ ಮಾಡಿದ ಅನ್ಯಾಯವನ್ನು ನಮ್ಮ ಸೋದರಿಯರು ವಿಶೇಷವಾಗಿ ಗಮನಿಸಬೇಕು. ಬಾರ್ನಮ್ ಅವಳ ಕಂಠವನ್ನು ಒಮ್ಮೆಯೂ ಕೇಳದೆ, ಅವಳ ಕೀರ್ತಿಯನ್ನಷ್ಟೇ ಕೇಳಿ, ರಾತ್ರಿಗೆ 1,000 ಡಾಲರಿನಂತೆ 150 ಕಚೇರಿಗಳಿಗೆ ಒಪ್ಪಂದ ಮಾಡಿಕೊಂಡು 1850ರಲ್ಲಿ ಅಮೆರಿಕಕ್ಕೆ ಕರೆಸಿದ. ದೈವಭಕ್ತೆಯಾದ ಆ ಗಾಯಕಿ ತನ್ನ ಗಳಿಕೆಯ ಬಹುಭಾಗವನ್ನು ಶಾಲೆಗಳಿಗೂ ದಾನಧರ್ಮಗಳಿಗೂ ಕೊಟ್ಟವಳು. ಬಾರ್ನಮ್‌ನ ಅತಿಪ್ರಚಾರಕ್ಕೆ ಬೇಸತ್ತು 1851ರಲ್ಲಿ, ತೊಂಬತ್ತಕ್ಕೂ ಹೆಚ್ಚು ಕಚೇರಿಗಳಾದ ಮೇಲೆ, ಒಪ್ಪಂದದಂತೆಯೇ ಅವನಿಂದ ಬೇರೆಯಾದಳು. ಚಿತ್ರದಲ್ಲಿ ಅವಳು ವಿವಾಹಿತನಾದ ಬಾರ್ನಮ್‌ನನ್ನು ಮೋಹಿಸಿ, ಅವನು ಒಪ್ಪದಿರಲು ರಂಗದ ಮೇಲೆಯೇ ಅವನನ್ನು ಚುಂಬಿಸಿ ಮನೆಮುರಿಯಲು ನೋಡುತ್ತಾಳೆ. ಇದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ತನ್ನನ್ನು ಸರಕಾಗಿಸಿದ ವ್ಯಾಪಾರಿಯನ್ನು ಬಿಟ್ಟು ನಡೆದ ಸ್ವಾಭಿಮಾನಿಯನ್ನು ತಿರಸ್ಕೃತ ಪ್ರೇಯಸಿಯಾಗಿ ತೋರಿಸಿದರೆ ಕಥೆ ರಂಜಕವಾಗುತ್ತದೆ ನಿಜ. ಸತ್ತು ನೂರು ವರ್ಷಕ್ಕೂ ಹೆಚ್ಚಾದ ಅವಳು ಆಕ್ಷೇಪಿಸಲು ಬರುವಂತಿಲ್ಲ.

ಇನ್ನು ನಮಗೆ ಅತ್ಯಂತ ಆಶ್ಚರ್ಯ ತಂದ ಸಂಗತಿ. ಬಾರ್ನಮ್‌ನ ಕಲೆಗಳನ್ನು ಮರೆಸಿದವರು ಅವನ ಬಾಳಿನ ಅತ್ಯುತ್ತಮ ಗಳಿಗೆಯನ್ನೂ ಮರೆತಿದ್ದಾರೆ. ನಡುವಯಸ್ಸಿಗೆ ಬರುವ ಮೊದಲೇ ಅವನು ಮದ್ಯಪಾನವನ್ನು ಸಂಪೂರ್ಣ ಬಿಟ್ಟು, ಊರೂರು ತಿರುಗಿ ಕುಡಿತದ ವಿರುದ್ಧ ಭಾಷಣ ಮಾಡಿದ. 1865ರಲ್ಲಿ ಕನೆಕ್ಟಿಕಟ್ ಶಾಸನಸಭೆಯ ಸದಸ್ಯನಾದ. ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಆ ಸಂಸ್ಥಾನದಲ್ಲಿ ಮತದಾನದ ಹಕ್ಕು ಬಿಳಿಯರಿಗೆ ಮಾತ್ರ. ಆ ‘ಬಿಳಿಯ’ ಎಂಬ ಪದವನ್ನು ಸಂವಿಧಾನದಿಂದ ಕಿತ್ತುಹಾಕಬೇಕೆಂದು 1865ರ ಮೇ ತಿಂಗಳಲ್ಲಿ ಬಾರ್ನಮ್ ಸಭೆಯಲ್ಲಿ ದೀರ್ಘವಾಗಿ ವಾದಿಸಿದ. ತಾನೂ ಒಂದು ಕಾಲಕ್ಕೆ ದಕ್ಷಿಣದಲ್ಲಿ ಗುಲಾಮರನ್ನು ಇಟ್ಟುಕೊಂಡವನೆಂದೂ ಅವರನ್ನು ಹೊಡೆದವನೆಂದೂ, ಅದಕ್ಕಾಗಿ ಪೆಟ್ಟು ತಿನ್ನಬೇಕಾದವನು ತಾನೇ ಎಂದೂ ಬಹಿರಂಗವಾಗಿ ಒಪ್ಪಿಕೊಂಡ. ಅದೇ ಅಕ್ಟೋಬರಿನಲ್ಲಿ ಸಂಸ್ಥಾನದ ಮತದಾರರು ಆ ತಿದ್ದುಪಡಿಯನ್ನು ತಿರಸ್ಕರಿಸಿದರು. ಜಾಯ್ಸ್ ಹೆತ್‌ಳನ್ನು ಹಣಕ್ಕೆ ಪಡೆದವನು ಮೂವತ್ತು ವರ್ಷಗಳ ಅನಂತರ ಅವಳ ಜನರ ಮತಕ್ಕಾಗಿ ಎದ್ದು ನಿಲ್ಲುವುದು ಎಂಥ ನಾಟಕೀಯ ಪ್ರಸಂಗ! ಯಾವ ಹಾಡಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿತ್ತು? ಆದರೆ ಅಜ್ಜಿಯನ್ನು ಚಿತ್ರದಿಂದ ಹೊರಗಿಟ್ಟ ಮೇಲೆ ಈ ಪಶ್ಚಾತ್ತಾಪಕ್ಕೂ ಒಳಗೆ ಸ್ಥಳವಿರಲಿಲ್ಲ. ತಪ್ಪೇ ಮಾಡದವನಾಗಿ ತೋರಿಸಿದವನನ್ನು ತಿದ್ದಿಕೊಂಡವನಾಗಿ ತೋರಿಸುವುದು ಹೇಗೆ?

ಹಾಗೆಂದು ತಿದ್ದಿಕೊಂಡ ಬಾರ್ನಮ್ ಸಂತನಾದನೆಂದೂ ತಿಳಿಯಬಾರದು. ಚಿತ್ರದಲ್ಲಿ ಯೌವನದಲ್ಲೇ ಎದ್ದಂತೆ ಕಾಣುವ ಸರ್ಕಸ್ಸಿನ ಡೇರೆಗೆ ಅವನು ನಿಜವಾಗಿ ಕೈಹಾಕಿದ್ದು ಅರವತ್ತರ ವಯಸ್ಸಿನಲ್ಲಿ, 1870ರ ಆಚೆಗೆ. ಲಂಡನ್ನಿನ ಪ್ರಾಣಿಸಂಗ್ರಹಾಲಯದಿಂದ ಜಂಬೋ ಎಂಬ ಆನೆಯನ್ನು ಕೊಂಡು ತಂದದ್ದು 1882ರಲ್ಲಿ. ಅದಾದ ಮೇಲೆ ಜಗತ್ತಿನ ಬೇರೆ ಬೇರೆ ಜನಾಂಗದವರನ್ನು ಕರೆತಂದು ಕಾಡುಜನರೆಂದು ಪ್ರದರ್ಶಿಸಿದ. ಹಾಗೆ ಆಸ್ಟ್ರೇಲಿಯಾದಿಂದ ತಂದ ಮೂಲನಿವಾಸಿಗಳಲ್ಲಿ ಟಾಂಬೊ ಎಂದು ಹೆಸರಿಟ್ಟಿದ್ದ ಯುವಕನೊಬ್ಬ 1884ರಲ್ಲಿ ಕ್ಲೀವ್‌ಲೆಂಡಿನಲ್ಲಿ ಕಾಯಿಲೆಯಿಂದ ಸತ್ತ. ಅವನ ಶವವನ್ನು ಕೆಡದಂತೆ ಮಾಡಿ ಅಲ್ಲಿಯ ಇನ್ನೊಬ್ಬ ಪ್ರದರ್ಶನಕಾರ ಜನರಿಗೆ ತೋರಿಸಿದ. ಆ ದೇಹ 1993ರಲ್ಲಿ ಆ ಊರಿನ ಶವಸಂಸ್ಕಾರಗೃಹವೊಂದರಲ್ಲಿ ಪತ್ತೆಯಾಯಿತು. ಮರುವರ್ಷ ಅವನ ಜನ ಅದನ್ನು ಪಾಮ್ ದ್ವೀಪಕ್ಕೆ ಒಯ್ದು ಮಣ್ಣು ಮಾಡಿದರು. ಸತ್ತವನು ಮನೆಗೆ ಮರಳಲು ನೂರಹತ್ತು ವರ್ಷ ಹಿಡಿಯಿತು.

ಬಾರ್ನಮ್ 1891ರ ಏಪ್ರಿಲ್ 7ರಂದು ತೀರಿಕೊಂಡ. ಅದಕ್ಕೆ ಕೆಲವು ದಿನ ಮೊದಲೇ ನ್ಯೂಯಾರ್ಕಿನ ಪತ್ರಿಕೆಯೊಂದು ಅವನ ಸಮ್ಮತಿ ಪಡೆದು ಮರಣವಾರ್ತೆಯನ್ನು ಅಚ್ಚುಹಾಕಿ ಅವನಿಗೇ ಓದಲು ಒದಗಿಸಿತ್ತು. ಅವನ ಹೆಸರು ಹೊತ್ತ ಸರ್ಕಸ್ಸು ಈ ಚಿತ್ರ ಬಂದ 2017ರಲ್ಲೇ, ಮೇ ತಿಂಗಳಲ್ಲಿ, ಡೇರೆ ಮಡಚಿತು. 2023ರಲ್ಲಿ ಪ್ರಾಣಿಗಳಿಲ್ಲದೆ ಮತ್ತೆ ಆಟ ಆರಂಭಿಸಿತು.

ದೂರದ ದೇಶದವರ ತಪ್ಪನ್ನು ಎಣಿಸುತ್ತ ಕುಳಿತ ನಮಗೆ ನಮ್ಮದೇ ಒಂದು ನೆನಪು ಅಡ್ಡಬಂತು. ನಾವು ಹುಡುಗರಾಗಿದ್ದಾಗ ಜಾತ್ರೆಯ ಬಯಲಿನಲ್ಲಿ ಸರ್ಕಸ್ಸು ಬಿಡಾರ ಹೂಡುತ್ತಿತ್ತು. ಮುಖಕ್ಕೆ ಬಣ್ಣ ಬಳಿದುಕೊಂಡ ಕುಳ್ಳ ಜೋಕರನೊಬ್ಬ ಕಟ್ಟಿಗೆಯ ಹಲಗೆಯಿಂದ ಹಿಂಬದಿಗೆ ಪೆಟ್ಟು ತಿಂದು ಬೀಳುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಒಂದು ಮಧ್ಯಾಹ್ನ ಅದೇ ಮನುಷ್ಯ ಬಣ್ಣವಿಲ್ಲದ ಮುಖದಿಂದ, ಕೈಯಲ್ಲಿ ಚೀಲ ಹಿಡಿದು ಪೇಟೆಯಲ್ಲಿ ಕಾಯಿಪಲ್ಲೆ ಕೊಳ್ಳುತ್ತಿದ್ದ. ಹುಡುಗರೆಲ್ಲ ಕೂಗುತ್ತ ಹಿಂದೆ ಬಿದ್ದೆವು. ಅವನು ತಿರುಗಿ ನೋಡಿದ, ಏನೂ ಅನ್ನಲಿಲ್ಲ, ಬದನೆಕಾಯಿ ಆರಿಸುವುದನ್ನು ಮುಂದುವರಿಸಿದ. ಆ ಗುಂಪಿನಲ್ಲಿ ನಾವೂ ಇದ್ದೆವೆಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆವು. ಜೋಕರನ ಸಂಗತಿಯನ್ನು ಕೂಡ. ಶವಪರೀಕ್ಷೆಯ ಭಾಗವನ್ನು ಮಾತ್ರ, ಅವಳ ವಯಸ್ಸನ್ನು ನೋಡಿ, ತುಸು ಮೆಲ್ಲಗೆ ದಾಟಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದರ ಆ ಹಾಡು ಸುಳ್ಳೇನ್ರಿ ಅಜ್ಜಾ?” ಎಂದಳು. ಹಾಡು ಸುಳ್ಳಲ್ಲ, ಅದನ್ನು ಹಾಡಬೇಕಾಗಿದ್ದವರು ಬೇರೆ ಎಂದೆವು. “ಆ ಅಜ್ಜಿಗೆ ಹಾಡಾಕ ಬರತಿತ್ತಂದ್ರಲ್ಲ?” ಎಂದು ಕೇಳಿದಳು. ಬರುತ್ತಿತ್ತು, ದೇವರ ಹಾಡುಗಳನ್ನು ಹಾಡುತ್ತಿದ್ದಳೆಂದು ಹೇಳಿದೆವು. ಮರುದಿನ ಮುಂಜಾನೆ ಅಂಗಳದಲ್ಲಿ ತಂಗಿಯ ತಲೆ ಬಾಚುತ್ತ ಅವಳು ಅದೇ ಚಿತ್ರದ ಹಾಡನ್ನು ಗುನುಗುತ್ತಿದ್ದಳು. ನಡುನಡುವೆ ನಿಲ್ಲಿಸಿ ತಂಗಿಗೆ ಜಾಯ್ಸ್ ಹೆತ್‌ಳ ಕಥೆಯನ್ನು ಹೇಳುತ್ತಿದ್ದಳು.